ಕೆಂಪಿಯ ಸವಾರ ಪಿಳ್ಳಪ್ಪನವರು

ಪಿಳ್ಳಪ್ಪನವರು ಒಪ್ಪಿಗೆಯನ್ನೂ ‘ಇಲ್ಲ’ ಎಂಬ ಪದದಿಂದಲೇ ಆರಂಭಿಸುತ್ತಾರೆ. ಟೀ ಕುಡಿಯುತ್ತೀರಾ ಎಂದರೆ “ಇಲ್ಲ, ಕುಡಿಯೋಣ” ಎನ್ನುತ್ತಾರೆ. ಮೋಡ ಕಟ್ಟಿದೆಯಲ್ಲ ಎಂದರೆ “ಇಲ್ಲ, ಮಳೆ ಬಂದೇ ಬರತ್ತೆ” ಎನ್ನುತ್ತಾರೆ. ಹೊಸಬರು ಮೊದಲ ಪದಕ್ಕೇ ಮುಖ ಸಣ್ಣದು ಮಾಡಿಕೊಂಡು ಹೊರಟುಬಿಡುತ್ತಾರೆ, ಬಲ್ಲವರು ಎರಡನೆಯ ಪದಕ್ಕಾಗಿ ಕಾಯುತ್ತಾರೆ. ಹೆಣ್ಣು ನೋಡಲು ಹೋದ ದಿನ, ಹುಡುಗಿ ಒಪ್ಪಿಗೆಯೇ ಎಂದು ಹಿರಿಯರು ಕೇಳಿದ್ದಕ್ಕೆ ಇವರು ‘ಇಲ್ಲ’ ಎಂದು ಹೇಳಿ, ಒಂದು ಗುಟುಕು ನೀರು ಕುಡಿದು, ಆಮೇಲೆ ‘ಒಪ್ಪಿಗೆ’ ಎಂದರಂತೆ. ಆ ಒಂದು ಗುಟುಕಿನ ಅವಧಿಯಲ್ಲಿ ತಮ್ಮ ಅಪ್ಪ ಎಲೆಯಡಿಕೆಯ ತಟ್ಟೆಯನ್ನು ಒಳಕ್ಕೆ ಕಳಿಸಿಬಿಟ್ಟಿದ್ದರೆಂದು ಅವರ ಹೆಂಡತಿ ಅಮ್ಮಯಮ್ಮನವರು ನಲವತ್ತು ವರ್ಷಗಳ ನಂತರವೂ ನಿನ್ನೆಯ ಸಂಗತಿಯೆಂಬಂತೆ ಹೇಳುತ್ತಾರೆ.

ಅವರ ಊರು ದೊಡ್ಡಬಳ್ಳಾಪುರದ ಪಕ್ಕದ ರಾಜಘಟ್ಟ. ಪಶುವೈದ್ಯ ಇಲಾಖೆಯಲ್ಲಿ ಕಾಂಪೌಂಡರಾಗಿ ಸೇರಿ ಕಾಂಪೌಂಡರಾಗಿಯೇ ನಿವೃತ್ತರಾದವರು. ಆದರೆ ಸುತ್ತಲಿನ ಮೂರು ತಾಲ್ಲೂಕುಗಳ ಯಾವ ಕೊಟ್ಟಿಗೆಯ ಮುಂದೆ ನಿಂತರೂ ಅವರು ಡಾಕ್ಟರೇ. ಮೂವತ್ತನಾಲ್ಕು ವರ್ಷ ದನಗಳ ನಡುವೆ ಓಡಾಡಿದ್ದರಿಂದ ಅವರು ಯಾರನ್ನೂ ನೇರವಾಗಿ ಎದುರಿನಿಂದ ಸಮೀಪಿಸುವುದಿಲ್ಲ. ಎಡಗಡೆಯಿಂದ, ಓರೆಯಾಗಿ, ನಾಲಗೆಯಲ್ಲಿ ‘ಚ್ಚ ಚ್ಚ’ ಎಂಬ ಸಾಂತ್ವನದ ಸದ್ದು ಮಾಡುತ್ತ ಬಂದು, ಒದೆತಕ್ಕೆ ಸಿಗದಷ್ಟು ದೂರದಲ್ಲಿ ಒಂದು ಕ್ಷಣ ನಿಂತು, ಆಮೇಲೆ ಹತ್ತಿರವಾಗುತ್ತಾರೆ. ಬ್ಯಾಂಕಿನ ಮ್ಯಾನೇಜರನ್ನೂ ಹಾಗೆಯೇ, ಬೀಗಿತ್ತಿಯನ್ನೂ ಹಾಗೆಯೇ.

ಮೋಟಾರು ಸೈಕಲ್ಲು ಕೂಡ ಅವರ ಪಾಲಿಗೆ ಜಾನುವಾರೇ. ಸೇವೆಗೆ ಸೇರಿದ ಕೆಲವೇ ವರ್ಷಗಳಲ್ಲಿ ಕೊಂಡ, ಹೊಗೆಯುಗುಳುವ ಎರಡು ಸ್ಟ್ರೋಕಿನ ಆ ಗಾಡಿಗೆ ‘ಕೆಂಪಿ’ ಎಂದು ಹೆಸರು. ಯಾರ ಗಾಡಿ ಕೆಮ್ಮಿದರೂ ಮುಂಗೈಯನ್ನು ಮಗುಚಿ ಅದರ ಟ್ಯಾಂಕಿನ ಮೇಲಿಟ್ಟು ಜ್ವರ ನೋಡುತ್ತಾರೆ. ಪೆಟ್ರೋಲು ಹೆಚ್ಚು ಕುಡಿದು ಕಡಿಮೆ ಓಡುವ ಗಾಡಿಗೆ ‘ಮೇವು ಮೈಗೆ ಹತ್ತುತಾ ಇಲ್ಲ’ ಎನ್ನುತ್ತಾರೆ. ಚಳಿಗಾಲವಿರಲಿ ಬೇಸಗೆಯಿರಲಿ, ಗಾಡಿ ಹತ್ತುವ ಮುನ್ನ ನಿವೃತ್ತಿಯ ದಿನ ಸಹೋದ್ಯೋಗಿಗಳು ಹೊದಿಸಿದ ಕಂದು ಉಣ್ಣೆಯ ಕೋಟನ್ನು ಹಿಂದುಮುಂದಾಗಿ ತೊಟ್ಟು, ಬೆನ್ನ ಮೇಲಿನ ಗುಂಡಿಗಳನ್ನು ಹೆಂಡತಿಯಿಂದ ಹಾಕಿಸಿಕೊಳ್ಳುತ್ತಾರೆ. ಎದೆಗೆ ಗಾಳಿ ಹೊಡೆಯಬಾರದೆಂಬುದು ಅದರ ಶಾಸ್ತ್ರ. ಅದರ ಮೇಲೆ ಹೆಲ್ಮೆಟ್ಟೂ ಏರಿದರೆ, ರಸ್ತೆಯಂಚಿನಲ್ಲಿ ನಿಂತ ಪಿಳ್ಳಪ್ಪನವರು ನಮ್ಮ ಕಡೆ ಮುಖ ಮಾಡಿದ್ದಾರೋ ಬೆನ್ನು ಮಾಡಿದ್ದಾರೋ ದೂರದಿಂದ ತಿಳಿಯುವುದು ಕಷ್ಟ.

ನಮ್ಮದು ಸಂಘವೆನ್ನುವಷ್ಟು ದೊಡ್ಡದಲ್ಲ. ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ದೊಡ್ಡಬಳ್ಳಾಪುರದಲ್ಲಿ ಗಫಾರನ ಗಾಡಿ ರಿಪೇರಿಯ ಶೆಡ್ಡಿನ ಮುಂದೆ ನಾಲ್ವರು ಸೇರಿ, ಎಲ್ಲಿಗೋ ಹೋಗಿ ಇಡ್ಲಿ ತಿಂದು ಬರುತ್ತೇವೆ. ಮೆಕ್ಯಾನಿಕ್ ಗಫಾರ್ ಐವತ್ತರ ಆಸುಪಾಸಿನವನು, ಎಲ್ಲರ ಗಾಡಿಯನ್ನೂ ಸರಿಪಡಿಸಿ ತನ್ನದನ್ನು ಮಾತ್ರ ತಂತಿ ಕಟ್ಟಿ ಓಡಿಸುವವನು. ಚೈತ್ರ ಸೋಂಪುರದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿರುವ ಮೂವತ್ತರ ಹೆಣ್ಣುಮಗಳು, ನಮ್ಮ ನಡುವೆ ದೊಡ್ಡ ಗಾಡಿಯಿರುವುದು ಅವಳೊಬ್ಬಳ ಬಳಿ. ನಾಲ್ಕನೆಯವನು ನಾನು, ಕಾಲೇಜಿನಲ್ಲಿ ಕನ್ನಡ ಹೇಳುವವನು; ನನ್ನದು ಗೇರಿಲ್ಲದ ಸ್ಕೂಟರು. ಅದನ್ನು ಪಿಳ್ಳಪ್ಪನವರು ದನದ ಮಂದೆಗೆ ಸೇರಿಕೊಂಡ ಕುರಿಯಂತೆ ಸಹಿಸಿಕೊಂಡಿದ್ದರು.

ಚೈತ್ರಳ ಹೊಸ ಗಾಡಿ ಬಂದ ದಿನ ಅವರು ಅದನ್ನು ಎಡಗಡೆಯಿಂದ ಸಮೀಪಿಸಿ, ಎರಡು ಸುತ್ತು ಬಂದು, ಹಿಂಭಾಗವನ್ನು ತಟ್ಟಿ ನೋಡಿ, “ಇಲ್ಲ, ಚೆನ್ನಾಗಿದೆ. ಹಾಲೆಷ್ಟು ಕೊಡತ್ತೆ?” ಎಂದು ಕೇಳಿದರು. ಲೀಟರಿಗೆ ಇಪ್ಪತ್ತೆಂಟು ಕಿಲೋಮೀಟರೆಂದು ಅವಳು ಹೇಳಿದಾಗ ಅವರು ಸಾವಿನ ಮನೆಯಲ್ಲಿ ನಿಲ್ಲುವಂತೆ ಕೈಕಟ್ಟಿ ನಿಂತರು. ಅವಳೇನು ಕಡಿಮೆಯವಳಲ್ಲ. ಕೆಂಪಿಯ ಹಿಂದೆ ಹೋಗುವವರಿಗೆ ರಸ್ತೆ ಕಾಣುವುದಿಲ್ಲ, ಸೊಳ್ಳೆಯೂ ಕಚ್ಚುವುದಿಲ್ಲ ಎಂದು ಅಂದಿನಿಂದ ಹೇಳತೊಡಗಿದಳು. ಹೀಗೆ ಒಬ್ಬರ ಗಾಡಿಯನ್ನೊಬ್ಬರು ಹಂಗಿಸುವುದೇ ನಮ್ಮ ಭಾನುವಾರದ ಭಕ್ತಿ. ಗಂಟಲಲ್ಲಿರುವ ದುಃಖ, ಮನೆಯ ಜಗಳ, ಮಗಳ ಮಾರ್ಕ್ಸು ಎಲ್ಲವೂ ಚೈನು, ಬ್ರೇಕು, ಪ್ಲಗ್ಗುಗಳ ಮಾತಿನ ಸಂದಿಯಲ್ಲಿ ಹೊರಬಂದುಹೋಗುತ್ತಿದ್ದವು. ಎಲ್ಲಿಗೇ ಹೋಗಲಿ, ಮುಂದೆ ಕೆಂಪಿ. ಈ ಸೀಮೆಯ ಒಂದೊಂದು ತಿರುವನ್ನೂ ಅಲ್ಲಿ ಈದ ಹಸುವಿನ ಹೆಸರಿನಿಂದ ಗುರುತಿಸುವ ಮನುಷ್ಯನನ್ನು ಹಿಂದೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

ಕಳೆದ ವರ್ಷ ರಾಗಿ ತೆನೆ ಬಲಿಯುವ ಕಾಲದಲ್ಲಿ ನಂದಗುಡಿಯ ಕಡೆ ಹೋಗಿದ್ದೆವು. ಹೊಲವೊಂದರ ಪಕ್ಕ ಪಿಳ್ಳಪ್ಪನವರು ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿ, ಬದುವಿನಾಚೆ ನಿಂತಿದ್ದ ಯಾರಿಗೋ ಕೈಯೆತ್ತಿ, ಏನಪ್ಪಾ ಹಸು ಈಯ್ತಾ ಎಂದು ವಿಚಾರಿಸಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದರು. ಆಗಲೂ ಬರಲಿಲ್ಲ. ನಮ್ಮ ಕಡೆ ತಿರುಗಿ, ಈ ಕಡೆ ಜಮೀನಿಗೆ ಬೆಲೆ ಬಂದ ಮೇಲೆ ಜನರಿಗೆ ಕೊಬ್ಬು ಬಂದಿದೆ, ಮೊದಲು ಹೀಗಿರಲಿಲ್ಲ ಎಂದು ಬೇಸರಪಟ್ಟು ಗಾಡಿ ಹೊರಡಿಸಿದರು. ಹೊಲದಲ್ಲಿ ನಿಂತಿದ್ದದ್ದು ಹರಿದ ಅಂಗಿ ತೊಟ್ಟ ಬೆದರುಬೊಂಬೆ, ತಲೆಗೆ ಬಿಳಿ ಮಡಕೆ.

ಗಫಾರ್ ನಕ್ಕು ನಕ್ಕು ತನ್ನ ಗಾಡಿಯ ಮೇಲೆಯೇ ಮಲಗಿಬಿಟ್ಟ. ನಾನೂ ನಕ್ಕೆ. ಚೈತ್ರ ಮಾತ್ರ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ, ದೂರವಾಗುತ್ತಿದ್ದ ಹೊಗೆಯನ್ನು ನೋಡುತ್ತ, ಮೆಲ್ಲಗೆ ಹೇಳಿದಳು: “ಸರ್, ಅವರಿಗೆ ಕಣ್ಣು ಕಾಣ್ತಾ ಇಲ್ಲ.”

ಆಮೇಲೆ ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ರಸ್ತೆಯಲ್ಲಿ ಬಿದ್ದ ಗೋಣಿಚೀಲಕ್ಕೆ ಹಾರ್ನು ಮಾಡಿದ್ದು, ಹೋಟೆಲಿನಲ್ಲಿ ಚಟ್ನಿಯೆಂದು ಕೈತೊಳೆಯುವ ಸೋಪಿನ ನೀರಿಗೆ ಇಡ್ಲಿ ಅದ್ದಲು ಹೋಗಿದ್ದು, ಇದನ್ನೆಲ್ಲ ನಾವು ಅವರ ಹಾಸ್ಯವೆಂದೇ ತಿಳಿದಿದ್ದೆವು. ಕೇಳಿದರೆ ಗಾಜಿಗೆ ದೂಳು ಹಿಡಿದಿದೆ ಎಂದರು. ಹೆಲ್ಮೆಟ್ಟಿನ ಗಾಜನ್ನು ಚೈತ್ರ ತೊಳೆದುಕೊಟ್ಟಳು. ಮುಂದಿನ ವಾರ ಬಿಸಿಲಿನ ಮೇಲೆ ತಪ್ಪು ಹೊರಿಸಿದರು. ಮುಂದೆ ಹೋಗುವುದನ್ನು ಬಿಡಿಸಲು ನಾವು ಹೂಡಿದ ಉಪಾಯಗಳೆಲ್ಲ ಆ ‘ಇಲ್ಲ’ಕ್ಕೆ ತಾಗಿ ಬಿದ್ದುಹೋದವು. ಈ ವಿಷಯದಲ್ಲಿ ಅದರ ಹಿಂದೆ ಎರಡನೆಯ ಪದವೇ ಬರುತ್ತಿರಲಿಲ್ಲ.

ಡಿಸೆಂಬರಿನ ಕೊನೆಯಲ್ಲಿ ಆಗಬಾರದ್ದು ಆಗುವುದರಲ್ಲಿತ್ತು. ದೇವನಹಳ್ಳಿಯ ಕಡೆಯಿಂದ ಹಿಂದಿರುಗುವ ಹಳ್ಳಿಯ ರಸ್ತೆಯಲ್ಲಿ, ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲೆಂದು ಹುರುಳಿ ಗಿಡಗಳನ್ನು ಹರಡಿದ್ದರು. ಅದನ್ನು ಮರದ ನೆರಳೆಂದು ತಿಳಿದ ಪಿಳ್ಳಪ್ಪನವರು ವೇಗ ತಗ್ಗಿಸದೆ ನುಗ್ಗಿದರು. ಕೆಂಪಿ ಕಾಳಿನ ಮೇಲೆ ಜಾರಿ, ಅಡ್ಡವಾಗಿ ಹತ್ತು ಮಾರು ಉಜ್ಜಿಕೊಂಡು ಹೋಗಿ, ರಾಶಿಯ ಪಕ್ಕ ಬಗ್ಗಿ ಗಿಡ ಮಗುಚುತ್ತಿದ್ದ ಹೆಂಗಸೊಬ್ಬಳ ಕಾಲಿನಿಂದ ಒಂದು ಗೇಣಿನಾಚೆ ನಿಂತಿತು. ಅವಳು ಅಲ್ಲೇ ಕುಕ್ಕರಿಸಿದಳು. ಪಿಳ್ಳಪ್ಪನವರು ಹುರುಳಿಯ ನಡುವೆ ಕೂತಿದ್ದರು. ಹಿಂದುಮುಂದಾದ ಕೋಟಿನ ತೋಳು ಹರಿದಿತ್ತು, ಮಂಡಿಯಲ್ಲಿ ರಕ್ತ.

ಉಸಿರು ಬಂದ ಕೂಡಲೇ ಆ ಹೆಂಗಸು ಬೈಯಲು ಆರಂಭಿಸಿದಳು. ವಂಶ, ವಯಸ್ಸು, ಗಾಡಿ ಯಾವುದನ್ನೂ ಬಿಡಲಿಲ್ಲ. ಬೈಗುಳದ ನಡುವೆ ಪಿಳ್ಳಪ್ಪನವರು ತಲೆಯನ್ನು ಒಂದು ಬದಿಗೆ ವಾಲಿಸಿ ಆ ದನಿಯನ್ನು ಆಲಿಸಿ, ನೀನು ನರಸಮ್ಮ ಅಲ್ಲವಾ, ಬಿಳಿ ಎಮ್ಮೆ ಸಾಕಿದ್ದವಳು ಎಂದು ಕೇಳಿದರು. ಅವಳು ಥಟ್ಟನೆ ನಿಂತಳು. ಅವರು ನಾಲ್ಕಡಿ ದೂರದಲ್ಲಿದ್ದರು. ಮುಖ ನೋಡಿ ಗುರುತಿಸಬಹುದಾಗಿದ್ದವಳನ್ನು ದನಿಯಿಂದ ಗುರುತಿಸಿದ್ದರು. ಅದು ಅವಳಿಗೂ ತಿಳಿಯಿತು.

“ಡಾಕ್ಟ್ರೇ,” ಎಂದಳು ನರಸಮ್ಮ, ನೀರಿನ ಚೊಂಬನ್ನು ಅವರ ಕೈಗೆ ಮುಟ್ಟಿಸುತ್ತ, “ನಾನು ನಿಮ್ ಮುಂದೇನೇ ನಿಂತಿದ್ದೆ.”

ಬೈಗುಳಕ್ಕೆ ಜಗ್ಗದ ಮನುಷ್ಯ ಆ ಮಾತಿಗೆ ತಲೆ ತಗ್ಗಿಸಿದರು.

ಅಂದು ಅವರನ್ನು ಮನೆಗೆ ಮುಟ್ಟಿಸಿದಾಗ ಅಮ್ಮಯಮ್ಮನವರು ಗುಟ್ಟನ್ನು ಹೊರಗೆಡಹಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದಾದ ಮೇಲೊಂದು ತೆಗೆಯಬೇಕು, ಅದು ಮುಗಿಯುವವರೆಗೆ ಗಾಡಿ ಮುಟ್ಟಬಾರದು ಎಂದು ವೈದ್ಯರು ಆಷಾಢದಲ್ಲೇ ಹೇಳಿದ್ದರಂತೆ. ಗಾಡಿ ಬಿಟ್ಟಿರಲಾರೆ ಎನ್ನುವುದು ಮೇಲಿನ ನೆಪ. ನಿಜ ಬೇರೆಯಿತ್ತು. ಸಾವಿರಾರು ಹಸುಗಳಿಗೆ ಸೂಜಿ ಚುಚ್ಚಿದ, ಅಡ್ಡ ಸಿಕ್ಕಿಕೊಂಡ ಕರುಗಳನ್ನು ಭುಜದವರೆಗೆ ಕೈಹಾಕಿ ಎಳೆದ ಈ ಪುರುಷ, ತನ್ನ ಕಣ್ಣಿನ ಹತ್ತಿರ ಚೂಪಾದದ್ದು ಬರುತ್ತದೆಂದು ನೆನೆದರೆ ರಾತ್ರಿಯೆಲ್ಲ ಬೆವರುತ್ತಿದ್ದರು.

ಇದನ್ನು ಕೇಳಿದ ಗಫಾರ್ ಮರುದಿನ ಬಂದು, ಹ್ಯಾಂಡಲು ಸೊಟ್ಟಗಾಗಿದೆ ಎಂದು ಕೆಂಪಿಯನ್ನು ತಳ್ಳಿಕೊಂಡು ಹೋದ. ಸಂಜೆ ಪಿಳ್ಳಪ್ಪನವರು ಶೆಡ್ಡಿಗೆ ಹೋಗಿ ಮುಂಗೈ ಚಾಚಿದರೆ ಟ್ಯಾಂಕು ಸಿಗಲಿಲ್ಲ. ಅದು ಗೋಡೆಗೆ ಒರಗಿತ್ತು. ಎಂಜಿನ್ನು ಬಿಚ್ಚಿ ಗೋಣಿಯ ಮೇಲೆ ಹರಡಿತ್ತು. ಒಳಗಿನ ಬೇರಿಂಗ್ ಒಡೆದಿದೆ, ಈ ಗಾಡಿಯ ಸಾಮಾನು ಈಗ ಯಾರೂ ಮಾಡುವುದಿಲ್ಲ, ಕೊಯಮತ್ತೂರಿನಿಂದ ಬರಬೇಕು, ಎರಡು ತಿಂಗಳಾದರೂ ಆಗುತ್ತದೆ ಎಂದು ಗಫಾರ್ ಅತ್ಯಂತ ವ್ಯಸನದಿಂದ ತಿಳಿಸಿದ. ಪಿಳ್ಳಪ್ಪನವರು ಬಹಳ ಹೊತ್ತು ಬಿಡಿಭಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ, ಹೇಗೂ ಗಾಡಿ ಇಲ್ಲವಲ್ಲ, ಸುಮ್ಮನೆ ಕೂರುವ ಬದಲು ಆ ಕಣ್ಣಿನ ಕೆಲಸವನ್ನಾದರೂ ಮುಗಿಸಿಬಿಡೋಣ ಎಂದು ಯಾರಿಗೋ ಉಪಕಾರ ಮಾಡುವವರಂತೆ ಹೇಳಿ ಹೊರಟರು.

ಆಸ್ಪತ್ರೆಗೆ ಕಾರಿನಲ್ಲಿ ಹೋಗಲು ಒಪ್ಪಲಿಲ್ಲ. ಚೈತ್ರ ರಜೆ ಹಾಕಿ ತನ್ನ ಗಾಡಿ ತಂದಳು. ಜೀವಮಾನದಲ್ಲಿ ಮೊದಲ ಬಾರಿಗೆ ಪಿಳ್ಳಪ್ಪನವರು ಹಿಂದಿನ ಸೀಟಿನಲ್ಲಿ ಕುಳಿತರು, ಕುಳಿತು ದಾರಿಯುದ್ದಕ್ಕೂ ಗೇರು ಯಾವಾಗ ಬದಲಿಸಬೇಕೆಂದು ಅವಳ ಭುಜ ತಟ್ಟಿ ಸೂಚಿಸಿದರು. ಬಲಭುಜ ತಟ್ಟಿದರೆ ಏರಿಸು, ಎಡ ತಟ್ಟಿದರೆ ಇಳಿಸು. ಊರು ದಾಟುವಷ್ಟರಲ್ಲಿ ಅವಳು ಮದ್ದಳೆಯಾಗಿದ್ದಳು.

ನಾನು ಅಮ್ಮಯಮ್ಮನವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಿಂದೆ ಹೋದೆ. ಆಸ್ಪತ್ರೆಯಲ್ಲಿ ಸಂಕಟ ಬೇರೆ ರೂಪದಲ್ಲಿ ಕಾದಿತ್ತು. ನರ್ಸು ಫಾರಂ ಹಿಡಿದು ಪ್ರಶ್ನೆ ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ? “ಇಲ್ಲ,” ಎಂದರು, ಉಗುಳು ನುಂಗಿದರು, “ಇದೆ.” ಅವಳು ಬರೆದದ್ದನ್ನು ಹೊಡೆದುಹಾಕಿದಳು. ರಕ್ತದೊತ್ತಡ, ಅಲರ್ಜಿ, ತಿಂಡಿ ತಿಂದದ್ದು ಎಲ್ಲಕ್ಕೂ ಇದೇ ಆಗಿ ಫಾರಂ ಕಪ್ಪಾಯಿತು. ಕೊನೆಗೆ, ಶಸ್ತ್ರಚಿಕಿತ್ಸೆಗೆ ನಿಮ್ಮ ಸಂಪೂರ್ಣ ಒಪ್ಪಿಗೆ ಇದೆಯೇ ಎಂದಳು. ಪಿಳ್ಳಪ್ಪನವರು ‘ಇಲ್ಲ’ ಎಂದರು. ಹೆದರಿಕೆಗೆ ಮುಂದಿನ ಪದ ಹೊರಬರಲಿಲ್ಲ. ನರ್ಸು ಫಾರಂ ಮಡಚಿ, ಪೇಷಂಟು ಒಪ್ಪುತ್ತಿಲ್ಲ ಎಂದು ವೈದ್ಯರಿಗೆ ತಿಳಿಸಲು ಎದ್ದಳು. ನಾನೂ ಚೈತ್ರಳೂ ಒಟ್ಟಿಗೆ ಎದ್ದು, ಇವರ ‘ಇಲ್ಲ’ವೆಂದರೆ ಏನರ್ಥವೆಂದು ವಿವರಿಸಲು ಯತ್ನಿಸಿದೆವು, ಭಾಷೆಯ ಅಧ್ಯಾಪಕನಾಗಿ ಅಷ್ಟು ಸೋತ ವ್ಯಾಖ್ಯಾನವನ್ನು ನಾನು ಇನ್ನೆಂದೂ ಮಾಡಿಲ್ಲ. ಪೇಷಂಟೇ ಹೇಳಬೇಕು ಎಂದಳು ಅವಳು.

ಆಗ ಮೂಲೆಯಲ್ಲಿ ಕುಳಿತಿದ್ದ ಅಮ್ಮಯಮ್ಮನವರು ಎದ್ದು, ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ, ಗಂಡನ ತುಟಿಗೆ ಹಿಡಿದು, “ಕುಡೀರಿ. ಆಮೇಲೆ ಹೇಳಿ,” ಎಂದರು.

ಅವರು ಒಂದು ಗುಟುಕು ಕುಡಿದರು. “ಒಪ್ಪಿಗೆ” ಎಂದರು.

ಬಲಗಣ್ಣು ಸಂಕ್ರಾಂತಿಯ ಮುಂಚೆ ಆಯಿತು, ಎಡಗಣ್ಣು ತಿಂಗಳು ಕಳೆದು. ಆ ಅವಧಿಯಲ್ಲಿ ಅವರು ಕಪ್ಪು ಕನ್ನಡಕ ಧರಿಸಿ ದಿನವೂ ಗಫಾರನ ಶೆಡ್ಡಿನ ಸ್ಟೂಲಿನ ಮೇಲೆ ಕೂತು ಬರುವ ಗಾಡಿಗಳ ಆರೋಗ್ಯ ವಿಚಾರಿಸುತ್ತಿದ್ದರು. ಹೊಸ ಕಣ್ಣಿನಲ್ಲಿ ಮೊದಲು ನಮ್ಮನ್ನು ನೋಡಿದಾಗ, ನನ್ನ ತಲೆ ಇಷ್ಟು ಬೆಳ್ಳಗಾದದ್ದನ್ನು ಯಾರೂ ತಮಗೆ ತಿಳಿಸಲಿಲ್ಲವೆಂದು ನೊಂದುಕೊಂಡರು. ಕೋಟಿನಲ್ಲಿ ನುಸಿ ತಿಂದ ತೂತುಗಳನ್ನು ಎಣಿಸಿದರು. ಬೇರಿಂಗಿನ ಸುದ್ದಿಯನ್ನು ಒಮ್ಮೆಯೂ ಕೇಳಲಿಲ್ಲ. ಮಾರ್ಚಿನಲ್ಲಿ ವೈದ್ಯರು ಗಾಡಿ ಓಡಿಸಬಹುದೆಂದ ದಿನ, ಕೊಯಮತ್ತೂರಿನಿಂದ ಸಾಮಾನು ಇಂದು ಬೆಳಗ್ಗೆಯೇ ಬಂದಿತೆಂದು ಗಫಾರ್ ಮುಖ ಬೇರೆಡೆ ತಿರುಗಿಸಿಕೊಂಡು ಹೇಳಿದ.

“ಇಲ್ಲ ಕಣೋ ಗಫಾರ್,” ಎಂದರು ಪಿಳ್ಳಪ್ಪನವರು, “ಬೇರಿಂಗು ಒಡೆದೇ ಇರ್ಲಿಲ್ಲ, ನಿನ್ ಮೇಜಿನ ಡ್ರಾಯರಲ್ಲೇ ಇತ್ತು. ಮೊದಲನೇ ದಿನ ನೀನು ಸ್ಪ್ಯಾನರು ತಗೊಳ್ಳೋಕೆ ಡ್ರಾಯರ್ ಎಳೆದಾಗ ಗಡಗಡ ಅಂತ ಉರುಳ್ತು. ಕಣ್ಣು ಹೋಗಿತ್ತು, ಕಿವಿ ಇತ್ತಲ್ಲ.”

ಗಫಾರನ ಕೈಯಲ್ಲಿದ್ದ ಸ್ಪ್ಯಾನರು ಅಲ್ಲಿಯೇ ನಿಂತಿತು. ಹಾಗಾದರೆ ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಊರಲ್ಲಿ ಕೇಳ್ತಾರಲ್ಲ, ಯಾಕೆ ಡಾಕ್ಟ್ರು ನಡ್ಕೊಂಡ್ ಬರ್ತಾವ್ರೆ ಅಂತ. ಕಣ್ ಕಾಣಲ್ಲ ಅನ್ನೋದಕ್ಕಿಂತ ಗಾಡಿ ರಿಪೇರಿಲಿದೆ ಅಂದ್ರೆ ಮರ್ಯಾದೆ.” ಟ್ಯಾಂಕನ್ನು ಸವರುತ್ತ ಹೇಳಿದರು: “ನೀನು ಬಿಚ್ಚದೇ ಇದ್ದಿದ್ರೆ ನಾನು ಬಿಡ್ತಿರಲಿಲ್ಲ. ಆ ಯಮ್ಮ ನರಸಮ್ಮ ಸತ್ತೇ ಹೋಗ್ತಿದ್ಲೋ ಏನೋ.”

ಮುಂದಿನ ಭಾನುವಾರ ನಾವು ನಾಲ್ವರೂ ಹೊರಟೆವು. ಊರ ಹೊರಗೆ ಬಂದದ್ದೇ ಪಿಳ್ಳಪ್ಪನವರು ಕೆಂಪಿಯನ್ನು ಬದಿಗೆ ಸರಿಸಿ, ಚೈತ್ರಳಿಗೆ ಮುಂದೆ ಹೋಗುವಂತೆ ಕೈಮಾಡಿದರು. ಅವಳು ನಂಬದೆ ಎರಡು ಬಾರಿ ಕೇಳಿ ಮುಂದಾದಳು. ಅಂದು ಮೊದಲು ಹೋದದ್ದು ನರಸಮ್ಮನ ಮನೆಗೆ. ಆಕೆ ಹಸುವಿನ ಹಗ್ಗ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಪಿಳ್ಳಪ್ಪನವರು ಗಾಡಿಯಿಂದಿಳಿದು, ಓರೆಯಾಗಿ ಅಲ್ಲ, ನೇರ ಎದುರಿನಿಂದಲೇ ನಡೆದುಹೋಗಿ, ಅವಳ ಮುಖವನ್ನು ತುಸು ಹೊತ್ತು ನೋಡಿ, ವಯಸ್ಸಾಯಿತಲ್ಲಮ್ಮ ಎಂದರು. ನಿಮಗೇನು ಕಡಿಮೆಯಾಯಿತೇ ಎಂದು ಅವಳು ಮಜ್ಜಿಗೆ ತರಲು ಒಳಗೆ ಹೋದಳು.

ಇಂಥ ಜನ ಈ ಸೀಮೆಯ ಪ್ರತಿ ಶೆಡ್ಡಿನ ಮುಂದೆ, ಪ್ರತಿ ಟೀ ಅಂಗಡಿಯ ಬೆಂಚಿನ ಮೇಲೆ ಸಿಗುತ್ತಾರೆ. ತಮ್ಮ ನೋವನ್ನು ತಮ್ಮ ಹೆಸರಿನಲ್ಲಿ ಹೇಳಿಕೊಳ್ಳಲು ಅವರಿಗೆ ಬಾಯಿ ಬರುವುದಿಲ್ಲ. ಗಾಡಿಗೆ ಸುಸ್ತಾಗಿದೆ, ಗಾಡಿಗೆ ಉಸಿರು ಕಟ್ಟುತ್ತಿದೆ, ಗಾಡಿ ಯಾಕೋ ಏರು ಹತ್ತುತ್ತಿಲ್ಲ ಎನ್ನುತ್ತಾರೆ. ಕೇಳುವವನು ದಡ್ಡನಾದರೆ ಎಣ್ಣೆ ಬದಲಿಸಿ ಕಳಿಸುತ್ತಾನೆ. ಸ್ನೇಹಿತನಾದರೆ, ಸ್ಪ್ಯಾನರು ಕೈಗೆತ್ತಿಕೊಂಡು, ಬಿಚ್ಚಬೇಕಾಗಿಲ್ಲದ ಎಂಜಿನ್ನನ್ನು ಬಿಚ್ಚಿ ಕೂರುತ್ತಾನೆ.