ಒಂಬತ್ತನೇ ಮಹಡಿಯ ಉಸಿರು

ಕೀವ್ ನಗರದ ಆ ಕಟ್ಟಡದಲ್ಲಿ ಕರೆಂಟು ಹೋದರೆ ಲಿಫ್ಟು ನಿಲ್ಲುತ್ತಿತ್ತು, ನೀರು ನಿಲ್ಲುತ್ತಿತ್ತು. ಒಂಬತ್ತನೇ ಮಹಡಿಯ ಪನಾಸನಿಗೆ ಉಸಿರೇ ನಿಂತುಹೋಗುವ ಭಯ. ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದ ಮುದುಕ, ಆಮ್ಲಜನಕದ ಯಂತ್ರವಿಲ್ಲದೆ ಬದುಕುವಂತಿರಲಿಲ್ಲ. ಅದರ ಬ್ಯಾಟರಿ ಬರುತ್ತಿದ್ದುದು ನಾಲ್ಕೇ ತಾಸು.

ಎರಡನೇ ಮಹಡಿಯ ಒದಾರ್ಕಾ ದಿನಾ ಮಧ್ಯಾಹ್ನ ಬೀಟ್‌ರೂಟ್ ಸಾರು ಹಿಡಿದು ಅವನ ಮನೆಗೆ ಹತ್ತುತ್ತಿದ್ದಳು. ಅರವತ್ತೆರಡರ ಆ ಹೆಂಗಸಿಗೆ ಮಾತಾಡಲು ಬೇರೆ ಯಾರಿದ್ದರು? ಗಂಡ ಲುಕಿಯಾನ್ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದ ಹೊತ್ತಿಗೆ ಅಲ್ಲೇ ಪಾಳಿಯಲ್ಲಿದ್ದವನು, ಮೂರೇ ವಾರದಲ್ಲಿ ತೀರಿಕೊಂಡ. ಸ್ಫೋಟದ ಮರುದಿನ ಊರು ಖಾಲಿ ಮಾಡಿಸಿದಾಗ, ಮೂರು ದಿನದ ಮಟ್ಟಿಗೆಂದು ಮನೆಗೆ ಬೀಗ ಹಾಕಿ ಬಸ್ಸು ಹತ್ತಿದ ಬಸುರಿ ಒದಾರ್ಕಾ ಮತ್ತೆ ಆ ಊರಿಗೆ ಹೋಗಲಿಲ್ಲ. ಆಗ ಹೊಟ್ಟೆಯಲ್ಲಿದ್ದ ಮಗ ಯಾರೆಮಾ ದೊಡ್ಡವನಾಗಿ ದೇಶದ ಪಶ್ಚಿಮ ಭಾಗದ ಒಂದು ಅಣುಸ್ಥಾವರದಲ್ಲೇ ಕೆಲಸಕ್ಕೆ ಸೇರಿದಾಗ, "ನಿನ್ನಪ್ಪನ್ನ ತಿಂದಿದ್ರ ಹತ್ರಾನೇ ಹೋಗಿ ಕೈಕಟ್ಟಿ ನಿಂತ್ಯಲ್ಲೋ" ಎಂದವಳು ಮಾತು ಬಿಟ್ಟಿದ್ದಳು. ಆರು ವರ್ಷ ಕಳೆದಿತ್ತು.

ಯುದ್ಧದ ಆ ಜನವರಿಯ ಒಂದು ದಿನ ಬೆಳಗ್ಗೆಯೇ ಕರೆಂಟು ಹೋಯಿತು. ಒದಾರ್ಕಾ ಮೇಲೆ ಹೋದಾಗ ಪನಾಸನ ತುಟಿ ನೀಲಿಗಟ್ಟಿತ್ತು, ಬ್ಯಾಟರಿ ಮುಗಿಯುತ್ತ ಬಂದಿತ್ತು. ಅವನ ಕೈ ಹಿಡಿದು ಕೂತಳು. ಕೊನೆಗೆ ದೀಪ ಹತ್ತಿತು, ಯಂತ್ರ ಗುಂಯ್‌ಗುಟ್ಟಿತು.

ಸ್ವಲ್ಪ ಸುಧಾರಿಸಿಕೊಂಡು ಪನಾಸ್ ಹೇಳಿದ: "ಕಲ್ಲಿದ್ದಲು ಸುಡೋ ಸ್ಥಾವರ ಎಲ್ಲಾ ಬಾಂಬಿಗೆ ಹೋದ್ವು. ಈ ಚೂರು ಕರೆಂಟು ಎಲ್ಲಿಂದ ಬಂತು ಅಂದ್ಕೊಂಡೆ? ನಿನ್ನ ಮಗನಂಥೋರ ಹತ್ರದಿಂದ."

"ಆ ಮಾತು ಬೇಡ ಪನಾಸಣ್ಣ."

"ಬೇಡ್ವಾ? ಹಂಗಾದ್ರೆ ಯಂತ್ರ ಆರಿಸ್ಬಿಡು ತಾಯಿ."

"ಥೂ, ಬಿಡ್ತು ಅನ್ನಿ!"

"ನಿನ್ನ ಗಂಡನ್ನ ಅದು ತಿಂತು. ನನ್ನನ್ನ ಕಲ್ಲಿದ್ದಲು ತಿಂತಿದೆ, ಸ್ವಲ್ಪ ನಿಧಾನಕ್ಕೆ, ಅಷ್ಟೇ."

"ಅಂದ್ರೆ ಅದು ಒಳ್ಳೇದಾಯ್ತಾ?"

"ಒಳ್ಳೇದು ಅಂದೋರ್ಯಾರು? ಹೊರಗೆ ನೀರು ಕಲ್ಲಾಗೋ ಚಳಿ. ಬೇರೆ ಏನಾದ್ರೂ ಇದ್ರೆ ತಂದ್ಕೊಡು, ಯಂತ್ರಕ್ಕೆ ಅದನ್ನೇ ಸಿಕ್ಕಿಸ್ಕೋತೀನಿ."

ಒದಾರ್ಕಾ ಕೆಳಗಿಳಿದು ಬಂದು, ಕೋಟು ಕೂಡ ಬಿಚ್ಚದೆ, ಮಗನಿಗೆ ಫೋನ್ ಮಾಡಿದಳು.

"ಅಮ್ಮಾ? ಏನಾಯ್ತು?"

"ಏನಿಲ್ಲ. ಕರೆಂಟು ಬಂತು." ಅವಳು ಕುರ್ಚಿ ಎಳೆದು ಕೂತಳು. "ಅಲ್ಲಿ ನಿಂಗೆ ಭಯ ಆಗಲ್ವೇನೋ?"

"ದಿನಾ ಆಗುತ್ತೆ. ಡ್ರೋನ್ ಸದ್ದು ಕೇಳಿದ್ರೆ ಇನ್ನೂ ಜಾಸ್ತಿ. ಆದ್ರೆ ಎಲ್ರೂ ಎದ್ದು ಹೋದ್ರೆ ಇದನ್ನ ನೋಡ್ಕೊಳ್ಳೋರ್ಯಾರಮ್ಮ?"

"ಒಂದ್ಸಲ ಬಂದು ಹೋಗು."

"ಪಾಳಿಗೆ ಜನ ಇಲ್ಲ. ನೋಡ್ತೀನಿ."

ಚಳಿಗಾಲ ಮುಗಿಯುವವರೆಗೂ ಅವನು ಬರಲಿಲ್ಲ. ಮಾರ್ಚಿನಲ್ಲಿ ಪನಾಸನನ್ನು ಅವನ ಮಗಳು ಪೋಲೆಂಡಿಗೆ ಕರೆದೊಯ್ದಳು. ಈಗ ಒದಾರ್ಕಾ ಮೆಟ್ಟಿಲು ಹತ್ತುವುದಿಲ್ಲ. ಭಾನುವಾರ ಯಾರೆಮಾ ಫೋನ್ ಮಾಡುತ್ತಾನೆ. ಸ್ಥಾವರದ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ. ಕ್ಷಮಿಸಿದೆನೆಂದು ಅವಳು ಹೇಳಿಲ್ಲ, ಅವನೂ ಕೇಳಿಲ್ಲ. ಅವನು ಫೋನ್ ಇಟ್ಟ ಮೇಲೂ ಅವಳು ಅದನ್ನು ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ಕೂತಿರುತ್ತಾಳೆ.