ದೇವರ ತಟ್ಟೆ ಏಳಲಿಲ್ಲ

ಗುಡಿಯ ದೊಡ್ಡ ತಕ್ಕಡಿಯಲ್ಲಿ ಭತ್ತದ ಚೀಲಗಳಿದ್ದ ತಟ್ಟೆ ನೆಲ ಬಿಟ್ಟು ಏಳಲಿಲ್ಲ. ಎದುರಿನ ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ ತೋಟಪ್ಪ ಮಾತ್ರ ಗಾಳಿಯಲ್ಲಿ ಮೆಲ್ಲಗೆ ತೂಗಾಡುತ್ತಿದ್ದ. ಗುಡಿಯಲ್ಲಿ ಸೇರಿದ್ದವರು ನಕ್ಕರು. ಅವನ ಹೆಂಡತಿ ದ್ರಾಕ್ಷಾಯಣಿಗೆ ನಗು ಬರಲಿಲ್ಲ.

ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಿದ್ದರೆ ಈಶ್ವರನಿಗೆ ತನ್ನ ತೂಕದ ಭತ್ತ ಕೊಡುತ್ತೇನೆಂದು ತೋಟಪ್ಪ ಹರಕೆ ಹೊತ್ತಿದ್ದ. ಮಳೆ ಬಿದ್ದ ವಾರವೇ ತೋಟದ ಸ್ಟೋರಿನಲ್ಲಿ ತನ್ನ ತೂಕ ನೋಡಿ, ಅಷ್ಟೇ ಭತ್ತವನ್ನು ಎರಡು ಚೀಲಕ್ಕೆ ತುಂಬಿ, ಬಾಯಿ ಹೊಲಿಸಿ, ವಿಭೂತಿ ಹಚ್ಚಿ ಎತ್ತಿಟ್ಟಿದ್ದ. ಆ ಮನೆಯಲ್ಲಿ ಹಿಂದಿನಿಂದಲೂ ಹಾಗೆ. ವಿಭೂತಿ ಬಿದ್ದ ಮೇಲೆ ಒಂದು ಕಾಳನ್ನೂ ಹಿಂದಕ್ಕೆ ತೆಗೆಯುವಂತಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಅವನ ಕತ್ತಿನ ಮೂಳೆಗಳು ಎದ್ದು ಕಾಣತೊಡಗಿದವು. ಡಾಕ್ಟರಿಗೆ ತೋರಿಸೋಣವೆಂದು ದ್ರಾಕ್ಷಾಯಣಿ ಹೇಳಿದಾಗಲೆಲ್ಲ ಅತ್ತೆ ಸುಮಿತ್ರಮ್ಮ ಅಡ್ಡ ಬರುತ್ತಿದ್ದರು. ಹರಕೆ ಹೊತ್ತವನು ಸೋಮವಾರ ಒಪ್ಪತ್ತು ಮಾಡುತ್ತಾನೆ, ಮೈ ಇಳಿಯದೆ ಇರುತ್ತದೆಯೇ. ಮೇಲಾಗಿ ಕಾಫಿ ಕುಯ್ಲಿನಲ್ಲಿ ಯಾರಾದರೂ ದಪ್ಪಗಾಗಿದ್ದುಂಟೇ ಎನ್ನುತ್ತಿದ್ದರು. ಹರಕೆ ತೀರುವ ತನಕ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲವೆಂದು ತೋಟಪ್ಪನೂ ಹಟ ಹಿಡಿದಿದ್ದ. ಬಿ.ಎಸ್ಸಿ. ಓದಿದ ದ್ರಾಕ್ಷಾಯಣಿಗೆ ವಾರಕ್ಕೊಂದು ಹೊತ್ತಿನ ಊಟ ಬಿಟ್ಟು ಯಾರೂ ಹೀಗೆ ಕರಗುವುದಿಲ್ಲವೆಂದು ಗೊತ್ತಿತ್ತು. ಸಕ್ಕರೆ ಕಾಯಿಲೆಯೋ, ಥೈರಾಯ್ಡೋ, ಕ್ಷಯವೋ ಎಂದು ಒಬ್ಬಳೇ ಯೋಚಿಸುತ್ತಿದ್ದಳು. ಇನ್ನೂ ಒಂದು ಹೆಸರಿತ್ತು. ಅದನ್ನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಳ್ಳುತ್ತಿರಲಿಲ್ಲ.

"ಭತ್ತ ಥಂಡಿ ಕುಡ್ಕೊಂಡೈತೆ, ಅದ್ಕೇ ಭಾರ," ಎಂದ ತೋಟಪ್ಪನ ತಮ್ಮ ಯೋಗೇಶ್. "ಇಲ್ಲಾಂದ್ರೆ ಅತ್ತಿಗೆ ನಿಂಗೆ ವಾರವೆಲ್ಲಾ ಉಪವಾಸ ಕೆಡವವ್ರೆ ಕಣಣ್ಣಾ."

ಮತ್ತೆ ನಗು. ಚೀಲ ಬಿಚ್ಚುವ ಹಾಗಿರಲಿಲ್ಲ. ಪೂಜೆಯ ಅಯ್ಯನವರು ಸ್ವಲ್ಪ ಯೋಚಿಸಿ, ಮಗುವನ್ನೂ ಜೊತೆಗೆ ಕೂರಿಸಿ, ಇಬ್ಬರಿಗೂ ಒಳ್ಳೆಯದಾಗಲಿ ಎಂದರು. ಸುಮಿತ್ರಮ್ಮ ಮೊಮ್ಮಗಳು ಹೇಮಶ್ರೀಯನ್ನು ಎತ್ತಿ ಅಪ್ಪನ ತೊಡೆಯ ಮೇಲೆ ಕೂರಿಸಿದರು. ತಟ್ಟೆ ಇಳಿಯಿತು. ಎರಡೂ ಒಂದೇ ಮಟ್ಟಕ್ಕೆ ಬಂದು ನಿಂತವು. ಗಂಟೆ ಮೊಳಗಿತು, ಎಲ್ಲರೂ ಕೈ ಮುಗಿದರು.

ದ್ರಾಕ್ಷಾಯಣಿ ಕಂಬ ಹಿಡಿದುಕೊಂಡಳು. ಸ್ಕೂಲ್ ವ್ಯಾನ್ ತಪ್ಪಿದ ದಿನ ಮಗಳನ್ನು ಸೊಂಟದ ಮೇಲೆ ಹೊತ್ತು ತೋಟದ ಏರು ಹತ್ತುವವಳು ಅವಳೇ. ಆ ಭಾರ ಎಷ್ಟೆಂದು ಅವಳ ಸೊಂಟಕ್ಕೆ ಗೊತ್ತು. ಒಂದು ಮಗುವಿನಷ್ಟು ಮೈ ಅವಳ ಕಣ್ಣೆದುರೇ ಗಂಡನಿಂದ ಕರಗಿ ಹೋಗಿತ್ತು.

ಹೊರಗೆ ಊಟಕ್ಕೆ ಎಲೆ ಹಾಕುತ್ತಿದ್ದರು. ಅವಳು ಗಂಡನ ತೋಳು ಹಿಡಿದು, "ಹರಕೆ ತೀರ್ತಲ್ಲ ರೀ, ಈಗ್ಲೇ ಹಾಸನಕ್ಕೆ ಹೋಗೋಣ," ಎಂದಳು. ಜಗಳಕ್ಕೆ ಸಿದ್ಧವಾಗಿಯೇ ಕೇಳಿದ್ದಳು. ತೋಟಪ್ಪ ಊಟದ ಎಲೆಗಳ ಕಡೆ ಒಮ್ಮೆ ನೋಡಿ ಆಗಲಿ ಎಂದು ತಲೆಯಾಡಿಸಿದ. ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಇನ್ನಷ್ಟು ಭಯ ಹುಟ್ಟಿಸಿತು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಕತ್ತು, ಕಂಕುಳು ಒತ್ತಿ ನೋಡಿದರು. ಬಾಯಾರಿಕೆ, ಜ್ವರ, ಕೆಮ್ಮು, ಎದೆ ಹೊಡೆದುಕೊಳ್ಳುವುದು, ಒಂದೊಂದನ್ನೇ ಕೇಳಿದರು. ಎಲ್ಲಕ್ಕೂ ತೋಟಪ್ಪ ಇಲ್ಲವೆಂದ. ತುತ್ತು ಸಲೀಸಾಗಿ ಇಳಿಯುತ್ತದೆಯೇ ಎಂದಾಗ ಹೆಂಡತಿಯ ಕಡೆ ತಿರುಗಿದ.

"ಮುದ್ದೆ ಇಳೀತಿಲ್ಲ ಡಾಕ್ಟ್ರೇ. ಇಲ್ಲಿ ನಿಂತ್ಕೊಂಬುಡ್ತದೆ," ಎಂದು ಎದೆ ಮುಟ್ಟಿ ತೋರಿಸಿದ. "ಈಗೀಗ ಅನ್ನನೂ ಅಷ್ಟೇ."

"ತೋಟಕ್ಕೆ ಕಳಿಸಿದ ಡಬ್ಬಿ ಖಾಲಿಯಾಗಿ ಬರ್ತಿತ್ತಲ್ಲ ರೀ?"

"ನಾಯಿಗೆ ಹಾಕ್ತಿದ್ದೆ ಕಣೇ. ನೀನು ಹೆದರ್ಕೋತೀಯಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ತೂಕ ಇಳಿಯಲು ಕಾರಣ ಹಲವಿರಬಹುದು, ನೋಡದೆ ಏನೂ ಹೇಳಬಾರದು, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದರೆ ಗಂಟಲಿನಿಂದ ಕ್ಯಾಮೆರಾ ಬಿಟ್ಟು ನೋಡೋಣ ಎಂದರು. ಕುಯ್ಲು ಅರ್ಧಕ್ಕೆ ನಿಂತಿದೆ, ಮುಂದಿನ ವಾರ ಬರುತ್ತೇನೆಂದು ತೋಟಪ್ಪ ಶುರು ಮಾಡಿದ. ಡಾಕ್ಟರು ದ್ರಾಕ್ಷಾಯಣಿಯ ಕಡೆ ತಿರುಗಿದರು.

"ನಾಳೆನೇ ಕರ್ಕೊಂಡು ಬನ್ನಿ ಅಮ್ಮಾ. ನೀವೊಬ್ರೇ ಬರಬೇಡಿ, ಮನೆಯವರು ಇನ್ನೊಬ್ರು ಜೊತೆಗಿರಲಿ."

ಅವಳು ಹೊರಗೆ ಬಂದು ಯೋಗೇಶನಿಗೆ ಫೋನ್ ಮಾಡಿದಳು. ಅವನು ಹಲೋ ಎಂದ. "ನಿಮ್ಮಣ್ಣನಿಗೆ ತುತ್ತು ಇಳೀತಿಲ್ಲ ಯೋಗೇಶ್, ನಾಳೆ ಬೆಳಿಗ್ಗೆ ನಮ್ ಜೊತೆ ಆಸ್ಪತ್ರೆಗೆ ಬಾ," ಎಂದಳು.