ಅಕ್ಕಾರು ಕೇಳದ ಪಂಚಮ

ನಾನು ಒಂದು ಹಾರ್ಮೋನಿಯಂ. ನಮ್ಮ ಕಡೆ ಎಲ್ಲರೂ ಪೇಟಿ ಎನ್ನುತ್ತಾರೆ. ಸಾಗವಾನಿ ಮೈ, ಚರ್ಮದ ತಿದಿ, ಹೊಟ್ಟೆಯೊಳಗೆ ಹಿತ್ತಾಳೆಯ ಸ್ವರಗಳು. ಇಷ್ಟನ್ನು ಜೋಡಿಸಿ ಹುಬ್ಬಳ್ಳಿಯ ಕುಶಲಕರ್ಮಿಯೊಬ್ಬ ನನಗೆ ಉಸಿರು ಕೊಟ್ಟ. ಮೊದಲು ಒಂದು ನಾಟಕ ಕಂಪನಿಗೆ ಹೋದೆ. ಅಲ್ಲಿ ನನ್ನನ್ನು ಬಾರಿಸಿದರು ಅನ್ನುವುದಕ್ಕಿಂತ ಬಡಿದರು ಅನ್ನಬೇಕು. ಕಂಪನಿ ಮುಳುಗಿದ ಮೇಲೆ, ನನ್ನ ಪುಣ್ಯಕ್ಕೆ, ಗದುಗಿನಲ್ಲಿ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದ ಉಮಾಬಾಯಿ ಅಕ್ಕಾರ ಮನೆ ಸೇರಿದೆ.

ಅಕ್ಕಾರ ಪಾಠದ ರೀತಿಯೇ ಬೇರೆ. ನನ್ನ ಮನೆಗಳ, ಅಂದರೆ ಬೆರಳಿಟ್ಟು ಒತ್ತುವ ಬಿಳಿ ಕಪ್ಪು ಪಟ್ಟಿಗಳ, ಮೇಲೆ ಸೆರಗು ಮುಚ್ಚಿ ಎರಡು ಸ್ವರ ಒತ್ತುವರು. ಅವುಗಳ ನಡುವಿನ ಅಂತರವನ್ನು ಹುಡುಗಿಯರು ಕಿವಿಯಿಂದಲೇ ಗುರುತಿಸಬೇಕು. "ಸ, ಪ ಹಳೇ ಗಂಡ ಹೆಂಡ್ತಿ ಇದ್ದಂಗ. ಸ, ಕೋಮಲ ರಿ ಒಂದ ಒಲಿ ಮುಂದ ಇಬ್ರು ಸೊಸ್ತ್ಯಾರು" ಎನ್ನುವರು. ಆಮೇಲೆ ಯಾವುದೋ ಮನೆ ಒತ್ತಿ, ಅದನ್ನೇ ಸ ಎಂದುಕೊಂಡು ಅದರ ಪಂಚಮವನ್ನು ಗಂಟಲಲ್ಲಿ ಕಟ್ಟಿರಿ ಎನ್ನುವರು. ತಪ್ಪಿದರೆ ಬೈಗುಳಕ್ಕೆ ಬರವಿರಲಿಲ್ಲ.

ವಯಸ್ಸಾದಂತೆ ಅಕ್ಕಾರ ಕಿವಿ ಮಂದವಾಯಿತು. ಯಾರಿಗೂ ಹೇಳಲಿಲ್ಲ. ಪಾಠ ನಿಂತರೆ ತಮ್ಮದೆನ್ನುವುದು ಏನೂ ಉಳಿಯದೆಂಬ ಭಯ, ಪಾಪ. ಹುಡುಗಿಯರ ತುಟಿ ನೋಡಿಯೇ ಸರಿ, ತಪ್ಪು ಹೇಳತೊಡಗಿದರು. ಒಂದು ದಿನ ಶಿವಗಂಗಾ ಎಂಬ ಚೂಟಿ ಹುಡುಗಿ ಕಿಡಿಗೇಡಿತನಕ್ಕೆ ತುಟಿಯಲ್ಲಿ 'ಪ' ಎನ್ನುತ್ತ ಮಧ್ಯಮವನ್ನು ಹಾಡಿದಳು. ಅಕ್ಕಾರು ಶಾಭಾಸ್ ಎಂದರು. ಉಳಿದವರು ಕಿಸಕ್ಕನೆ ನಕ್ಕರು. ಶಿವಗಂಗಾಳ ಮುಖ ಬಾಡಿಹೋಯಿತು. ಅಂದಿನಿಂದ ಅವಳು ಅಕ್ಕಾರ ಪಕ್ಕದಲ್ಲೇ ಕೂತು, ತಪ್ಪಿದವರ ಕಡೆ ಮೆಲ್ಲಗೆ ಕಣ್ಸನ್ನೆ ಮಾಡುವಳು. ಅಕ್ಕಾರು ತಕ್ಷಣ ಗದರುವರು. ಹೀಗೆ ಹೇಗೋ ನಡೆಯಿತು.

ಕೊನೆಗೊಂದು ಬೆಳಿಗ್ಗೆ ಅಕ್ಕಾರು ಸ, ಪ ಒತ್ತಿ ನನ್ನ ಮೈಗೆ ಕಿವಿ ಹಚ್ಚಿದರು. ನಾನು ಎದೆ ಬಿರಿಯುವಂತೆ ನುಡಿದೆ. ಇನ್ನೂ ಜೋರಾಗಿ ತಿದಿ ಒತ್ತಿದರು. ಏನೂ ಕೇಳಲಿಲ್ಲ. ಪೇಟಿ ಕೆಟ್ಟಿದೆ, ರಿಪೇರಿಗೆ ಒಯ್ಯೋಣ ಎಂದು ಶಿವಗಂಗಾಳನ್ನೂ ಜೊತೆಗೆ ಹೊರಡಿಸಿದರು.

ರಿಪೇರಿ ಮಾಡುವ ಹುಸೇನಸಾಬ ನನ್ನ ಸ, ಪ ಒತ್ತಿ ನೋಡಿದ. "ಇದಕ್ಕೇನಾಗೇತ್ರೀ? ಘಂಟಿ ಹೊಡದಂಗ ನುಡೀತೈತಲ್ಲ" ಎಂದ.

"ಏನಂತಾನವಾ?" ಎಂದು ಅಕ್ಕಾರು ಶಿವಗಂಗಾಳತ್ತ ತಿರುಗಿದರು.

ಅವಳು ಅವರಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ಪೇಟಿ ಸತ್ತೈತಂತ್ರೀ ಅಕ್ಕಾರ. ಇನ್ನ ನುಡಿಯೂದಿಲ್ಲಂತ."

ಹುಸೇನಸಾಬ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಅಕ್ಕಾರ ಮುಖದಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ ಕಂಡಿತು. "ನಾ ಮೊದಲ ಹೇಳಿದ್ದಿಲ್ಲೇನು?" ಎಂದು ನನ್ನ ಮೈ ಸವರಿ ಹೊರಟರು.

ಅಂದಿನಿಂದ ನಾನು ಈ ಅಂಗಡಿಯ ಮೂಲೆಯಲ್ಲಿದ್ದೇನೆ. ಸತ್ತೆ ಅನ್ನಿಸಿಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ಅವರ ಮಾನಕ್ಕಿಂತ ನನ್ನ ಹೆಸರು ದೊಡ್ಡದೇ? ಆದರೆ ಅವರು ಹೊಸ್ತಿಲು ದಾಟುವಾಗ ಹುಸೇನಸಾಬನ ಬೆರಳು ಇನ್ನೂ ನನ್ನ ಮನೆಗಳ ಮೇಲಿತ್ತು. ನಾನು ನುಡಿಯುತ್ತಲೇ ಇದ್ದೆ. ಅವರು ತಿರುಗಿ ನೋಡಲಿಲ್ಲ.